ಊರು ನೋಡೋದಾ, ಊರು ತಿನ್ನೋದಾ?

ನಮ್ಮ ಮನೆಯಲ್ಲಿ ಪ್ರವಾಸದ ಮಾತು ಎದ್ದರೆ ಎರಡು ಪಟ್ಟಿ ತಯಾರಾಗುತ್ತವೆ. ಒಂದು ನನ್ನ ಹೆಂಡತಿಯದು. ಅದರಲ್ಲಿ ಗುಡಿ, ಕೋಟೆ, ಕೆರೆ, ಸೀರೆ ಅಂಗಡಿ ಎಲ್ಲ ಸಾಲಾಗಿ ನಿಂತಿರುತ್ತವೆ. ಇನ್ನೊಂದು ನನ್ನದು. ಕಳೆದ ಸಲ ಅದರಲ್ಲಿ ಇದ್ದದ್ದು ನಾಲ್ಕೇ ಸಾಲು: ತಟ್ಟೆ ಇಡ್ಲಿ, ಬೆಣ್ಣೆ ದೋಸೆ, ಗಿರ್ಮಿಟ್, ಪೇಡ.

ಅವಳು ಧಾರವಾಡದವಳು. ಚೀಟಿ ನೋಡಿದವಳೇ ಕನ್ನಡಕ ಏರಿಸಿದಳು.

“ಏನ್ರಿ ಇದು? ಪ್ರವಾಸದ ಚೀಟಿ ಬರೀರಿ ಅಂದ್ರ ಅಡಗಿಯವರಿಗೆ ಕೊಡೋ ಚೀಟಿ ಬರದೀರಲ್ಲ!”

“ಇದೇ ಕಣೇ ರೂಟು. ಮೇಲಿಂದ ಕೆಳಗೆ ಓದು. ತಟ್ಟೆ ಇಡ್ಲಿ ಅಂದರೆ ಕ್ಯಾತ್ಸಂದ್ರ, ಬೆಣ್ಣೆ ದೋಸೆ ಅಂದರೆ ದಾವಣಗೆರೆ, ಗಿರ್ಮಿಟ್ ಬಂತು ಅಂದರೆ ಹುಬ್ಬಳ್ಳಿ. ಪೇಡ ಕಂಡಾಗ ಇಳಿದುಬಿಡು, ನಿನ್ನ ತವರುಮನೆ.”

“ನೀವು ಊರು ನೋಡಾಕ ಹೊಂಟೀರೋ, ತಿನ್ನಾಕ ಹೊಂಟೀರೋ?”

ಮದುವೆಯಾದಾಗಿನಿಂದ ಕೇಳುತ್ತಿರುವ ಪ್ರಶ್ನೆ ಇದು. ಬಾಯಿ ತುಂಬಿರುವಾಗಲೇ ಕೇಳುತ್ತಾಳಾದ್ದರಿಂದ ಇದುವರೆಗೂ ಉತ್ತರ ಕೊಡಲಾಗಿಲ್ಲ.

ತಿಂಡಿಪೋತತನ ನಮಗೆ ವಂಶದಿಂದ ಬಂದದ್ದು. ನಮ್ಮಪ್ಪ ದೂರವನ್ನು ಕಿಲೋಮೀಟರಿನಲ್ಲಿ ಅಳೆದವರೇ ಅಲ್ಲ. “ಮೈಸೂರಾ? ಎರಡು ಕಾಫಿ ದೂರ. ಹಾಸನ ಎರಡೂವರೆ. ಆ ಅರ್ಧ ಬೈಟು” ಅನ್ನುತ್ತಿದ್ದರು. ಊರಿಂದ ಬಂದ ನೆಂಟರು ಚಪ್ಪಲಿ ಬಿಡುವ ಮೊದಲೇ “ದಾರಿಯಲ್ಲಿ ಎಲ್ಲಿ ತಿಂದ್ರಿ?” ಅಂತ ವಿಚಾರಣೆ. “ಎಲ್ಲೂ ನಿಲ್ಲಿಸಲಿಲ್ಲ, ಸೀದಾ ಬಂದ್ವಿ” ಅಂದವರನ್ನು ಕಂಡರೆ ಅವರಿಗೆ ಕನಿಕರ. “ಪಾಪ, ಪಾರ್ಸಲ್ ಬಂದ ಹಾಗೆ ಬಂದಿದಾರೆ, ಮೊದಲು ಬಿಚ್ಚಿ ಊಟಕ್ಕೆ ಬಡಿಸಿ” ಅನ್ನುತ್ತಿದ್ದರು.

ಈಗ ನಾವೆಲ್ಲ ಪಾರ್ಸಲ್ಲುಗಳೇ. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಹತ್ತು ಪಥದ ಹೆದ್ದಾರಿ ಉದ್ಘಾಟನೆಯಾಯಿತು. ಬಿಡದಿಗೆ ಬೈಪಾಸು, ರಾಮನಗರ–ಚನ್ನಪಟ್ಟಣಕ್ಕೆ ಬೈಪಾಸು, ಮದ್ದೂರಿಗೆ, ಮಂಡ್ಯಕ್ಕೆ, ಶ್ರೀರಂಗಪಟ್ಟಣಕ್ಕೆ ಎಲ್ಲಕ್ಕೂ ಬೈಪಾಸು. ಮೂರು ಗಂಟೆಯ ದಾರಿ ಒಂದೂವರೆ ಗಂಟೆಗೆ ಇಳಿಯಿತು ಅಂತ ನಮ್ಮ ಪಕ್ಕದ ಮನೆಯವರು ಮೀಸೆ ತಿರುವಿದರು.

“ಉಳಿದ ಒಂದೂವರೆ ಗಂಟೆ ಏನು ಮಾಡಿದಿರಿ ಸಾರ್?”

“ಮೈಸೂರಲ್ಲಿ ಹೋಟೆಲ್ ಮುಂದೆ ಸೀಟಿಗೆ ಕಾದೆವು.”

ಬಿಡದಿಯಲ್ಲಿ ತಟ್ಟೆ ಇಡ್ಲಿ, ಮದ್ದೂರಲ್ಲಿ ವಡೆ ಅಂತ ನಿಧಾನವಾಗಿ ಹೋಗಿದ್ದರೆ ಅವರು ತಲುಪುವ ಹೊತ್ತಿಗೆ ಸೀಟೂ ಖಾಲಿ ಇರುತ್ತಿತ್ತು, ಹಸಿವೂ ಇರುತ್ತಿರಲಿಲ್ಲ. ಹೇಳಲಿಲ್ಲ. ಅವರು ಹೊಸ ಕಾರಿನ ಖುಷಿಯಲ್ಲಿದ್ದರು.

ಮದ್ದೂರು ವಡೆಯಂತೂ ದಾರಿಯಲ್ಲೇ ಹುಟ್ಟಿದ ಕೂಸು. ರೈಲ್ವೆ ಸ್ಟೇಷನ್ನಿನಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುದ್ಯ ಅನ್ನುವವರು ಪಕೋಡ ಕರಿಯುವುದಕ್ಕೆ ಮೊದಲೇ ಒಂದು ದಿನ ರೈಲು ಬಂದುಬಿಟ್ಟಿತಂತೆ. ಉಂಡೆ ಬೇಯುವಷ್ಟು ಪುರಸೊತ್ತಿಲ್ಲ. ಹಿಟ್ಟನ್ನು ಅಂಗೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರಂತೆ. ಅದು 1917ರ ಮಾತು ಅನ್ನುತ್ತಾರೆ. ರೈಲು ತಡವಾಗಿ ಬಂದರೆ ಬೈಯುವ ನಾವು, ಹೊತ್ತಿಗೆ ಮುಂಚೆ ಬಂದ ಆ ಒಂದು ರೈಲಿಗೆ ಕೈ ಮುಗಿಯಬೇಕು. ರವೆ, ಮೈದಾ, ಅಕ್ಕಿ ಹಿಟ್ಟು, ಧಾರಾಳವಾಗಿ ಈರುಳ್ಳಿ: ಸಾಮಾನೆಲ್ಲ ನಿಮ್ಮ ಮನೆಯಲ್ಲೂ ಇರುವಂಥದ್ದೇ. ಆದರೆ ಕಿಟಕಿ ಪಕ್ಕದ ಸೀಟು, ಎಣ್ಣೆ ಹೀರಿದ ಕಾಗದ, ಅಂಚು ಮುರಿದಾಗಿನ ‘ಕರುಮ್’, ಅಷ್ಟರಲ್ಲಿ ಹೊರಟೇಬಿಟ್ಟ ರೈಲು, ಚಿಲ್ಲರೆಗಾಗಿ ಪ್ಲಾಟ್‌ಫಾರಂ ಮೇಲೆ ಓಡುವ ವಡೆಯವನು, ಇದೆಲ್ಲ ಎಲ್ಲಿಂದ ತರುತ್ತೀರಿ?

ಒಮ್ಮೆ ಹೆಂಡತಿ ಮನೆಯಲ್ಲೇ ಮಾಡಿಕೊಟ್ಟಳು. ರುಚಿಯಲ್ಲಿ ಏನೇನೂ ತಪ್ಪಿರಲಿಲ್ಲ. ಆದರೂ ಹಾಳು ಬಾಯಿ, “ಏನೋ ಒಂದು ಕಮ್ಮಿ ಕಣೇ” ಅಂದುಬಿಟ್ಟೆ. ಅವಳು ಎದ್ದು ಬಂದು ನನ್ನ ಕುರ್ಚಿಯನ್ನು ಹಿಂದಿನಿಂದ ಹಿಡಿದು ಗಡಗಡ ಅಲ್ಲಾಡಿಸಿದಳು.

“ಹೂಂ, ಈಗ ತಿನ್ರಿ. ರೈಲು ಬಿಟ್ಟೈತಿ.”

ನಾನು ಗುಡಿ ಗೋಪುರ ನೋಡುವುದಿಲ್ಲ ಅಂತಲ್ಲ. ಬಾದಾಮಿಯ ಗುಹೆಗಳಿಗೆ ಹೋದಾಗ ಮೆಟ್ಟಿಲು ಹತ್ತಿದ್ದೇನೆ, ಏದುಸಿರು ಬಿಟ್ಟಿದ್ದೇನೆ. ಮೂರನೇ ಗುಹೆಯಲ್ಲಿ ಗೈಡು, ಚಾಲುಕ್ಯ ಮಂಗಳೇಶ ಕ್ರಿ.ಶ. 578ರಲ್ಲಿ ಹಾಕಿಸಿದ ಶಾಸನದ ಬಗ್ಗೆ ಹೇಳುತ್ತಿದ್ದ. ನಾನು ಗೋಡೆಯನ್ನೇ ನೋಡುತ್ತಾ ನಿಂತಿದ್ದೆ. ಆ ಕೆಂಪು ಮರಳುಗಲ್ಲು ಥೇಟ್ ಹಸಿ ಕೆಂಪು ಮೆಣಸಿನಕಾಯಿಯ ರಂಜಕದ ಬಣ್ಣ. ಜೊತೆಗೆ ಬಿಳಿ ರೊಟ್ಟಿ, ಮೇಲೆ ಬೆಣ್ಣೆ... “ಸಾಹೇಬ್ರು ಭಾಳ ತನ್ಮಯ ಆಗ್ಯಾರ” ಅಂದ ಗೈಡು. “ಹೌದಪಾ, ಆದ್ರ ಗುಹಾದಾಗ ಅಲ್ಲ” ಅಂದಳು ಇವಳು.

ಅಲ್ಲಿಂದ ಸುಮಾರು ಐದು ಕಿಲೋಮೀಟರು ಬನಶಂಕರಿ. ಅಮ್ಮನವರ ದರ್ಶನ ಮುಗಿಸಿ ಈಚೆ ಬಂದರೆ ಮರದ ನೆರಳಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರು. ಬುಟ್ಟಿಯ ಮೇಲಿನ ಬಟ್ಟೆ ಸರಿಸಿದರೆ ಬೆಳಗಿನ ಜಾವ ಬಡಿದ ಜೋಳದ ರೊಟ್ಟಿ. ಪಕ್ಕದಲ್ಲಿ ಕಾಳು ಪಲ್ಯ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಪುಟ್ಟ ಮಣ್ಣಿನ ಕುಡಿಕೆಯಲ್ಲಿ ಬೋರಲು ಹಾಕಿದರೂ ಬೀಳದ ಮೊಸರು. ಮೆನು ಇಲ್ಲ, ಬೋರ್ಡಿಲ್ಲ. ಅಜ್ಜಿ ರೊಟ್ಟಿಯನ್ನು ನನ್ನ ಅಂಗೈ ಮೇಲಿಟ್ಟು ಅದರ ಮೇಲೇ ಪಲ್ಯ ಬಡಿಸಿದಳು. ತಟ್ಟೆ ತೊಳೆಯುವ ಕೆಲಸವೂ ಇಲ್ಲ. ತಟ್ಟೆಯನ್ನೇ ತಿಂದು ಮುಗಿಸುವುದು.

“ಎಷ್ಟ್ ಹಾಕ್ಲೆಪಾ?”

“ಎರಡು ಸಾಕಮ್ಮ.”

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹೆಂಡತಿ ವಕಾಲತ್ತು ವಹಿಸಿದಳು: “ಬೆಂಗಳೂರಾವ್ರು ಬೇ, ಅಕ್ಕಿ ತಿನ್ನೋ ಮಂದಿ.”

“ಹೌದಾ ಯವ್ವಾ? ಅಕ್ಕಿ ತಿಂದಾಂವ ಹಕ್ಕಿ, ಜ್ವಾಳ ತಿಂದಾಂವ ತೋಳ. ಇವರು ಹಕ್ಕಿ ಅಂತೂ ಕಾಣವಲ್ರು.”

ನನ್ನ ಹೊಟ್ಟೆಯ ಸುತ್ತಳತೆ ಬಗ್ಗೆ ಇಷ್ಟು ಸಭ್ಯವಾಗಿ ಯಾವ ಡಾಕ್ಟರೂ ಹೇಳಿಲ್ಲ. ಆ ಮರ್ಯಾದೆಗೆ ಐದು ರೊಟ್ಟಿ ತಿಂದೆ.

ಎಲ್ಲ ಕಡೆಯೂ ಇಂಥ ಅದೃಷ್ಟ ಇರುವುದಿಲ್ಲ. ಒಮ್ಮೆ ಮಗನ ಮಾತು ಕೇಳಿ ಕೆಟ್ಟೆ. ಅವನು ಮೊಬೈಲು ನೋಡಿ, “ಅಪ್ಪಾ, ಮುಂದೆ ಒಂದು ಹೋಟೆಲ್ ಇದೆ, ನಾಲ್ಕು ಚಿಲ್ಲರೆ ಸ್ಟಾರು” ಅಂದ. ಹೆಸರು ಬೇಡ. ಬೋರ್ಡಿನಲ್ಲಿ ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ಚೈನೀಸ್, ಚಾಟ್ಸ್, ಜ್ಯೂಸ್ ಎಲ್ಲ ಇತ್ತು. ಮೆನು ಕಾರ್ಡು ನಮ್ಮೂರಿನ ಮತದಾರರ ಪಟ್ಟಿಯಷ್ಟು ದಪ್ಪ. ಸಪ್ಲೈಯರ್ ಬಂದ.

“ಮಸಾಲೆ ದೋಸೆ?”

“ಖಾಲಿ ಸಾರ್.”

“ಇಡ್ಲಿ?”

“ಖಾಲಿ ಸಾರ್.”

“ಖಾಲಿ ದೋಸೆ ಆದರೂ ಇದೆಯೇನಪ್ಪಾ?”

“ಅದೂ ಖಾಲಿ ಸಾರ್.”

ಕೊನೆಗೆ ಸಿಕ್ಕಿದ್ದು ಕಾಫಿ. ಅದನ್ನು ಕುಡಿದ ಮೇಲೆ, ಅದೂ ಖಾಲಿಯಾಗಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಅವತ್ತಿನಿಂದ ಸ್ಟಾರುಗಳನ್ನು ಆಕಾಶಕ್ಕೆ ಬಿಟ್ಟಿದ್ದೇನೆ. ಹೊಸ ಊರಿಗೆ ಹೋದರೆ ಕರಿ ಬ್ಯಾಗು ಹಿಡಿದ ಮೆಡಿಕಲ್ ರೆಪ್ಪನ್ನು ಹುಡುಕುತ್ತೇನೆ. ವರ್ಷಪೂರ್ತಿ ಹೊರಗೆ ತಿಂದೂ ಮರುದಿನ ಕೆಲಸಕ್ಕೆ ಹೋಗಬೇಕಾದ ಪ್ರಾಣಿ ಅದು, ಸುಳ್ಳು ಹೇಳುವುದಿಲ್ಲ. ರೆಪ್ಪು ಸಿಗದಿದ್ದರೆ ಬ್ಯಾಂಕಿಗೆ ಹೋಗಿ, ವರ್ಗವಾಗಿ ಬಂದು ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟಿರುವ ಕ್ಯಾಷಿಯರನ್ನು ಕೇಳಿ. ಆತ ಬೇಕಾದರೆ ಲಾಕರಿನ ಬೀಗ ಎಲ್ಲಿದೆ ಅಂತ ಮರೆತಾನು, ಬೆಳಿಗ್ಗೆ ಏಳಕ್ಕೆ ಬಿಸಿ ಇಡ್ಲಿ ಎಲ್ಲಿ ಸಿಗುತ್ತದೆ ಅನ್ನುವುದನ್ನು ಮರೆಯುವುದಿಲ್ಲ.

ದಾವಣಗೆರೆಯಲ್ಲಿ ಮಾತ್ರ ಯಾರನ್ನೂ ಕೇಳಬೇಕಾಗಿಲ್ಲ, ಮೂಗು ಸಾಕು. ನಾನು ಯಾವಾಗಲೂ ಕಾವಲಿ ಕಾಣುವ ಕಡೆಯೇ ಕೂರುತ್ತೇನೆ. ಭಟ್ಟರು ಕಾದ ಕಲ್ಲಿನ ಮೇಲೆ ನೀರು ಚಿಮುಕಿಸಿ ಹಿಡಿಪೊರಕೆಯಿಂದ ಒಮ್ಮೆ ಬಳಿಯುತ್ತಾರೆ. ‘ಚುಂಯ್’ ಅಂತ ಹಬೆ ಏಳುತ್ತದೆ. ಸಾಲಾಗಿ ಹಿಟ್ಟು ಹುಯ್ದು ದಪ್ಪಕ್ಕೆ ತಿರುವಿ ಬೆಣ್ಣೆಯನ್ನು ಹಾಕುತ್ತಾರೆ. ಸವರುವುದು ಅನ್ನುವ ಜಿಪುಣ ಮಾತು ಅಲ್ಲಿಗೆ ಒಗ್ಗುವುದಿಲ್ಲ. ಅಕ್ಕಿ, ಉದ್ದಿನ ಜೊತೆ ಮಂಡಕ್ಕಿಯನ್ನೂ ನೆನೆಸಿ ರುಬ್ಬಿದ ಹಿಟ್ಟು ಅದು. ಆದ್ದರಿಂದಲೇ ಹೊರಗೆ ಗರಿ, ಒಳಗೆ ಹತ್ತಿ. ಬೆಣ್ಣೆ ಮಸಾಲೆಯೋ, ಓಪನ್ನೋ, ಖಾಲಿಯೋ ಅನ್ನುವುದಷ್ಟೇ ಅಲ್ಲಿ ತೀರ್ಮಾನವಾಗಬೇಕಾದದ್ದು. ಬಿಳಿ ಚಟ್ನಿ, ಖಾರವಿಲ್ಲದ ಆಲೂಗಡ್ಡೆ ಪಲ್ಯ. ಮೊದಲ ತುತ್ತಿಗೆ ಕಣ್ಣು ತಾವಾಗಿ ಮುಚ್ಚುತ್ತವೆ. ಪಕ್ಕದ ಟೇಬಲಿನ ಹುಡುಗರು ಮಾತ್ರ ಕಣ್ಣು ಬಿಟ್ಟುಕೊಂಡು ದೋಸೆಯ ಫೋಟೋ ತೆಗೆಯುತ್ತಿರುತ್ತಾರೆ. ಫೋಟೋ ಚೆನ್ನಾಗಿ ಬರುವಷ್ಟರಲ್ಲಿ ದೋಸೆ ಆರಿರುತ್ತದೆ.

“ನಮ್ಮ ಬಡಾವಣೆದಾಗ ದಾವಣಗೆರೆ ದೋಸಿ ಅಂತ ನಾಲ್ಕು ಬೋರ್ಡ್ ಅದಾವು. ಇಷ್ಟು ದೂರ ಯಾಕ ಬರಬೇಕ್ರಿ?” ಅಂದಳು ಹೆಂಡತಿ, ಎರಡನೇ ದೋಸೆಗೆ ಕೈ ಹಾಕುತ್ತಾ.

“ತಿಂಡಿಗೆ ಒಂದು ವಿಳಾಸ ಅಂತ ಇರುತ್ತೆ ಕಣೇ. ಹುಟ್ಟಿದ ಊರಲ್ಲೇ ಅದನ್ನ ತಿನ್ನಬೇಕು.” ಬೆಣ್ಣೆಯ ಅಮಲಿನಲ್ಲಿ ಆಡಿದ ಮಾತು.

“ಹಂಗಾದ್ರ ಧಾರವಾಡ ಪೇಡೆ ತಿನ್ನಾಕ ಉನ್ನಾವೊಕ್ಕ ಹೋಗ್ರಿ.”

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಅವಳು ಹೇಳಿದ್ದು ನಿಜ. ಉತ್ತರ ಪ್ರದೇಶದ ಉನ್ನಾವೊದಿಂದ ಪ್ಲೇಗಿಗೆ ಹೆದರಿ ಧಾರವಾಡಕ್ಕೆ ಬಂದ ಠಾಕೂರ್ ಕುಟುಂಬ ಹೊಟ್ಟೆಪಾಡಿಗೆ ಶುರುಮಾಡಿದ್ದು ಆ ಪೇಡ. ಅಲ್ಲಿನ ಎಮ್ಮೆ ಹಾಲು ಸೇರಿತು, ಊರಿನ ಹೆಸರು ಸೇರಿತು, ಕೊನೆಗೆ ಭೌಗೋಳಿಕ ಸೂಚಿಯ ಮುದ್ರೆಯೂ ಬಿತ್ತು. ನನ್ನ ಮುಂದಿದ್ದ ದೋಸೆಯಾದರೂ ಊರಿನದೇ? ಬೆಳಗಾವಿ ಕಡೆಯ ಬಿಡಕಿಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಅನ್ನುವ ತಾಯಿ ಮೊದಲು ದೋಸೆ ಹುಯ್ದದ್ದು ಅಂತ ದಾವಣಗೆರೆಯವರೇ ಹೇಳುತ್ತಾರೆ. ಬೆಂಗಳೂರಿನ ಎಂಟಿಆರ್? ಉಡುಪಿ ಸೀಮೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಶುರುಮಾಡಿದ್ದು. ಯುದ್ಧಕಾಲದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿ ನೋಡಿದವರೂ ಅವರೇ. ಸಾಲದ್ದಕ್ಕೆ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳನ್ನು ನೋಡಿಕೊಂಡು ಬಂದರು. ನಾನು ಪ್ಯಾರಿಸ್ಸಿಗೆ ಹೋದರೂ ಇಡ್ಲಿ ಎಲ್ಲಿ ಅಂತ ಹುಡುಕುವವನು. ಇಡ್ಲಿಯ ಧಣಿ ಪಾತ್ರೆ ತೊಳೆಯುವ ಶಿಸ್ತು ನೋಡಲು ಹೋಗಿದ್ದರು! ಉಡುಪಿಯವರಂತೂ ಮುಂಬಯಿಯ ಮಾಟುಂಗಾದಲ್ಲೂ ಎಲೆ ಹಾಕಿದರು. ರಾಮ ನಾಯಕರ ಬೋರ್ಡಿಂಗು ಅಲ್ಲಿ ಶುರುವಾದದ್ದು 1942ರಲ್ಲಿ.

ಅಂದರೆ ನಾವು ಊರಿನ ತಿಂಡಿ ಅಂತ ಜಂಬ ಪಡುವುದೆಲ್ಲ ಯಾರೋ ಊರು ಬಿಟ್ಟವರ ಕೈ ರುಚಿ. ಅವರು ಹಸಿವಿಗೆ, ರೋಗಕ್ಕೆ, ಸಾಲಕ್ಕೆ ಹೆದರಿ ದಾರಿ ಹಿಡಿದರು. ಹೋದಲ್ಲಿ ಒಲೆ ಹೂಡಿದರು. ನಾವು ಕಾರಿನಲ್ಲಿ ಹೋಗಿ ತಿಂದು ಬರುತ್ತೇವೆ. ಇದೊಂದು ಸಣ್ಣ ಮುಯ್ಯಿ, ಅಷ್ಟೇ.

ಈ ಘನ ವಿಚಾರವನ್ನು ಹೆಂಡತಿಯ ಮುಂದೆ ಮಂಡಿಸಿದೆ. ಅವಳು ಚಟ್ನಿ ಬಳಿದುಕೊಳ್ಳುತ್ತಾ ಕೇಳಿದಳು: “ಉನ್ನಾವೊದ ಪೇಡೆ ಧಾರವಾಡದ್ದಾತು. ನಾ ಬೆಂಗಳೂರಿಗೆ ಬಂದು ಮೂವತ್ತು ವರ್ಷ ಆತು. ನಿಮ್ಮ ಮನಿ ಮಂದಿ ಇನ್ನೂ ‘ಧಾರವಾಡದ ಸೊಸಿ’ ಅಂತಾರ. ನನಗ ಯಾವಾಗ ಮುದ್ರಿ ಒತ್ತಸ್ತೀರಿ?”

ನಾನು ಇನ್ನೊಂದು ಬೆಣ್ಣೆ ಖಾಲಿ ಹೇಳಿದೆ. ಇಬ್ಬರಿಗೂ.

ಮುಯ್ಯಿಯ ಈ ಸಿದ್ಧಾಂತವನ್ನು ಹುಬ್ಬಳ್ಳಿಯಲ್ಲಿರುವ ನನ್ನ ಭಾಮೈದನಿಗೂ ಫೋನಿನಲ್ಲಿ ಒಂದು ಗಂಟೆ ಬೋಧಿಸಿದ್ದೆ. ಹುಡುಗ ಗಂಭೀರವಾಗಿ ತೆಗೆದುಕೊಂಡಿದ್ದಾನೆ. ಮೊನ್ನೆ ರಾತ್ರಿ ಹತ್ತಕ್ಕೆ ಅವನ ಫೋನು. ಹಿಂದೆ ಸ್ಟೇಷನ್ನಿನ ಗದ್ದಲ.

“ಮಾಮಾ, ರೈಲು ಹತ್ತೀನಿ. ನೀವು ಹೇಳಿದ್ದು ಖರೇ ಅನಸ್ತು. ಮಧ್ಯಾಹ್ನದಿಂದ ಏನೂ ತಿಂದಿಲ್ಲ. ಮುಂಜಾನೆ ಇಳದಾಂವ ಸೀದಾ ಗಾಂಧಿ ಬಜಾರ್. ವಿದ್ಯಾರ್ಥಿ ಭವನದಾಗ ಎರಡು ಮಸಾಲಿ ದೋಸಿ ಹೊಡದ ಮ್ಯಾಲೇ ನಿಮ್ಮ ಮನಿ.”

“ಭೇಷ್! 1943ರ ಹೋಟೆಲು. ಕೈ ತುಂಬ ತಟ್ಟೆ ಜೋಡಿಸಿಕೊಂಡು ಬರ್ತಾರೆ ನೋಡು...” ಅನ್ನುತ್ತಿದ್ದವನ ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲೆ ಬಿತ್ತು. ಗುರುವಾರ. ಅಷ್ಟರಲ್ಲಿ ರೈಲು ಸಿಳ್ಳೆ ಹಾಕಿತು, ಫೋನು ಕಟ್ಟಾಯಿತು.

ಹೆಂಡತಿ ಮಾತಿಲ್ಲದೆ ಎದ್ದು ಅಕ್ಕಿ ನೆನೆ ಹಾಕಲು ಹೋದಳು. ನೀವೂ ಹೀಗೆ ಮುಯ್ಯಿ ತೀರಿಸಲು ಹೊರಟಿದ್ದರೆ ಒಂದು ನೆನಪಿಟ್ಟುಕೊಳ್ಳಿ: ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ.