ಚುಕ್ಕಿ ಕಾಲುಚೀಲ

ಸಮಾಜ ಸುಧಾರಕರ ಬಗ್ಗೆ ಶಾಲೆಯಲ್ಲಿ ಐದು ಅಂಕದ ಉತ್ತರ ಬರೆದವಳು ನಾನು. ಐವತ್ತೆಂಟರ ಸೊಂಟವನ್ನು ಸುಧಾರಿಸಲು ರಿಫಾರ್ಮರ್ ಎಂಬ ಮಂಚವೂ ಉಂಟೆಂದು ಗೊತ್ತಾದದ್ದು ಮಗಳಿಂದ. "ಅಮ್ಮಾ, ಪಿಲಾಟಿಸ್ ಕ್ಲಾಸಿಗೆ ಒಂದು ತಿಂಗಳ ದುಡ್ಡು ಕಟ್ಟಿದೀನಿ. ವಾಪಸ್ ಕೊಡಲ್ಲ." ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದವಳು ಆ ಕೊನೆಯ ಮಾತು ಕೇಳಿಯೂ ಸುಮ್ಮನಿರುವುದುಂಟೆ?

ನಮ್ಮ ಮನೆಯಲ್ಲಿ ಸಾಮಾನು ಕೊಳ್ಳದೆ ಯಾವ ಕೆಲಸವೂ ಶುರುವಾಗುವುದಿಲ್ಲ. ಇವರು ವಾಕಿಂಗಿಗೆಂದು ಕೊಂಡ ಬೂಟು ಮೂರು ವರ್ಷದಿಂದ ಡಬ್ಬಿಯೊಳಗೇ ಹೊಳೆಯುತ್ತಿದೆ. ನಾನೂ ಜಯನಗರ ನಾಲ್ಕನೇ ಬ್ಲಾಕು ಸುತ್ತಿ ಯೋಗದ ಚಾಪೆ, ಎರಡು ಕಿಲೋ ಡಂಬೆಲ್, ಬಿಳಿ ಬೂಟು, ಬಿಂದಿಗೆಯಂಥ ಬಾಟಲಿ ತಂದೆ. ಅಷ್ಟನ್ನೂ ಹೊತ್ತು ಮೂರನೇ ಮಹಡಿ ಹತ್ತುವಷ್ಟರಲ್ಲಿ ಅರ್ಧ ವ್ಯಾಯಾಮ ಮುಗಿದಿತ್ತು.

ಕಲಿಸುವ ಹುಡುಗಿ ನನ್ನ ಚೀಲ ನೋಡಿದಳು. "ಆಂಟಿ, ಈ ಮಂಚಕ್ಕೇ ಮೆತ್ತೆ ಇದೆ, ಚಾಪೆ ಬೇಡ. ಸ್ಪ್ರಿಂಗೇ ಭಾರ ಕೊಡತ್ತೆ, ಡಂಬೆಲ್ ಬೇಡ. ಬೂಟು ಹೊರಗೆ ಬಿಡಿ. ಗ್ರಿಪ್ ಸಾಕ್ಸ್ ಎಲ್ಲಿ?"

ಅದೊಂದೇ ಇರಲಿಲ್ಲ! ಅಂಗಾಲಿಗೆ ರಬ್ಬರ್ ಚುಕ್ಕಿಯಿರುವ ಕಾಲುಚೀಲ. ಸ್ಪ್ರಿಂಗು ಬಿಗಿದ ಆ ಮಂಚದ ಜಾರುವ ಹಲಗೆಯ ಮೇಲೂ ಕಾಲಿಡುವ ಕಂಬಿಯ ಮೇಲೂ ಪಾದ ಕಚ್ಚಿ ನಿಲ್ಲಲು ಬೇಕಂತೆ. ಅಲ್ಲೇ ಒಂದು ಜೊತೆ ಕೊಂಡೆ. ಬೂಟಿನ ಬೆಲೆಯ ಹತ್ತರಲ್ಲೊಂದು ಪಾಲೂ ಆಗಲಿಲ್ಲ.

ಉಳಿದ ಪಾಠ ಮಂಚವೇ ಹೇಳಿಕೊಟ್ಟಿತು. ಮಲಗಿ, ಪಾದಕ್ಕೆ ಪಟ್ಟಿ ಸಿಕ್ಕಿಸಿ ಕಾಲೆತ್ತಿದೆ; ದೊಗಳೆ ಪೈಜಾಮ ಮಂಡಿ ದಾಟಿ ಜಾರಿತು. ದುಪಟ್ಟಾ ಸ್ಪ್ರಿಂಗಿನ ಕಡೆ ಹೊರಟಿತ್ತು, ಹುಡುಗಿ ಕಸಿದುಕೊಂಡಳು. ಸೊಂಟ ಎತ್ತಿದ ಕೂಡಲೇ ಮಾಂಗಲ್ಯದ ಸರ ಬಾಯಿಗೇ ಬಂತು. ತುರುಬು ತಲೆದಿಂಬಿಗೆ ಒತ್ತಿ, ಅಷ್ಟು ಹೊತ್ತೂ ಗದ್ದ ಎದೆಗೆ ಅಂಟಿಕೊಂಡೇ ಇತ್ತು. ಎದ್ದಾಗ ದಿಂಬಿನ ಮೇಲೆ ಕೊಬ್ಬರಿ ಎಣ್ಣೆಯ ನಕ್ಷೆ. ಹಾಗಾಗಿ ಹೊಸಬರಿಗೆ ನನ್ನ ಪಟ್ಟಿ ಇಷ್ಟೇ: ಮೈಗೆ ಅಂಟಿದ ಉಡುಪು, ಚುಕ್ಕಿ ಸಾಕ್ಸು, ತಲೆಯಡಿಗೊಂದು ಕೈವಸ್ತ್ರ, ಗುಟುಕು ನೀರು. ಬಳೆ ಮನೆಯಲ್ಲಿ, ಸರ ಅಂಗಿಯೊಳಗೆ, ಜಡೆ ಪಕ್ಕಕ್ಕೆ.

ಸ್ಪ್ರಿಂಗಿನಲ್ಲಿ ಚೌಕಾಸಿಗೂ ಇಳಿದೆ. ಒಂದು ಕಡಿಮೆ ಮಾಡಿದರೆ ಸುಲಭವಲ್ಲವೇ? ಕಾಲಲ್ಲಿ ಕಂಬಿ ಒತ್ತುವಾಗ ನಿಜ. ಎರಡನೇ ವಾರ ಕೈಯೂರಿ ಪ್ಲಾಂಕಿಗೆ ನಿಂತಾಗ, ಹಗುರ ಸ್ಪ್ರಿಂಗಿನ ಹಲಗೆ ನನ್ನನ್ನು ಹೊತ್ತು ಹೇಳದೆ ಕೇಳದೆ ಹೊರಟಿತು. ಇನ್ನು 'ಹಂಡ್ರೆಡ್' ಎಂಬುದಿದೆ: ಐದು ಎಣಿಕೆ ಉಸಿರು ಒಳಗೆ, ಐದು ಹೊರಗೆ, ಕೈ ನೂರು ಬಾರಿ ಬಡಿಯಬೇಕು. ಕಣ್ಣು ಮುಚ್ಚಿ ನೂರು ನೋಟು ಎಣಿಸಿದವಳಿಗೆ ನೂರು ಅಷ್ಟು ದೂರದಲ್ಲಿದೆ ಎಂದು ಗೊತ್ತಾದದ್ದು ಅಂದೇ.

ಇದಕ್ಕೆಲ್ಲ ಕಾರಣರಾದ ಜೋಸೆಫ್ ಪಿಲಾಟಿಸ್ ಹುಟ್ಟಿದ್ದು 1883ರಲ್ಲಿ, ಜರ್ಮನಿಯಲ್ಲಿ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಅವರನ್ನು ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಕೂಡಿಹಾಕಿದ್ದರು. ಅಲ್ಲಿ ಕಾಯಿಲೆಯವರ ಮಂಚಕ್ಕೆ ಸ್ಪ್ರಿಂಗ್ ಕಟ್ಟಿ ವ್ಯಾಯಾಮ ಮಾಡಿಸಿದರೆಂದು ಹೇಳುತ್ತಾರೆ. ಆಮೇಲೆ ನ್ಯೂಯಾರ್ಕ್ ಸೇರಿದರು. ತಮ್ಮ ವಿದ್ಯೆಯನ್ನು ಅವರು ಕರೆದದ್ದು ಕಂಟ್ರಾಲಜಿ ಎಂದು. ಅವರ ಹಳೆಯ ಫೋಟೊಗಳನ್ನು ಇವರಿಗೆ ತೋರಿಸಿದೆ. ಎಷ್ಟೋ ಚಿತ್ರಗಳಲ್ಲಿ ಮೈಮೇಲಿರುವುದು ಒಂದು ಚಡ್ಡಿ ಮಾತ್ರ. "ನೋಡು, ಎಷ್ಟು ಉಳಿತಾಯ!" ಎಂದರು ಇವರು, ಬೂಟಿನ ಡಬ್ಬಿ ಮರೆತು.

ನನ್ನ ಚಾಪೆ ಈಗ ತಾರಸಿಯಲ್ಲಿದೆ, ಅದರ ಮೇಲೆ ಸಂಡಿಗೆಯ ಸೀರೆ. ಗಾಳಿಗೆ ಸೀರೆ ಹಾರದಂತೆ ಎರಡು ತುದಿಗೆ ಎರಡು ಡಂಬೆಲ್. ನಿನ್ನೆ ಪಕ್ಕದ ಹಗ್ಗಕ್ಕೆ ಸಾಕ್ಸ್ ಹರವಲು ಹೋದೆ. ಹನ್ನೊಂದು ತಿಂಗಳ ಮೊಮ್ಮಗನ ಬೆರಳುದ್ದದ ಸಾಕ್ಸು ಮೊದಲೇ ನೇತಾಡುತ್ತಿತ್ತು. ಅಂಗಾಲಿಗೆ ಅದೇ ರಬ್ಬರ್ ಚುಕ್ಕಿ. ಅವನೂ ಈ ವಾರವೇ ಸೋಫಾ ಹಿಡಿದು ನಿಲ್ಲಲು ಕಲಿತದ್ದು. ಪಕ್ಕದಲ್ಲೇ ನನ್ನದಕ್ಕೂ ಕ್ಲಿಪ್ಪು ಹಾಕಿದೆ.