ಕಾರ್ಡ್ ರಾಯರು

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಗೆ ಬೆಳಿಗ್ಗೆ ಆರಕ್ಕೆ ಹೋದರೆ ರಾಯರು ಸಿಕ್ಕೇ ಸಿಗುತ್ತಾರೆ. ಮಂಕಿ ಟೋಪಿ, ಬಿಳಿ ಕ್ಯಾನ್ವಾಸ್ ಶೂ, ಬೆನ್ನ ಹಿಂದೆ ಕಟ್ಟಿದ ಕೈ. ನಡೆಯುವುದಕ್ಕಿಂತ ನಿಂತು ಮಾತಾಡುವುದೇ ಹೆಚ್ಚು. ರಾಜ್ಯದ 224 ಕ್ಷೇತ್ರಗಳಲ್ಲಿ ಯಾವುದನ್ನು ಬೇಕಾದರೂ ಕೇಳಿ, ಯಾವ ಜಾತಿಯ ಓಟೆಷ್ಟು, ಯಾರು ಯಾರ ಕಾಲೆಳೆಯುತ್ತಾರೆ, ಎಲ್ಲ ನಾಲಿಗೆ ತುದಿಯಲ್ಲಿದೆ. ಅವರ ಹೆಸರು ಯಾವ ಬೂತಿನಲ್ಲಿದೆ ಎಂಬುದೊಂದನ್ನು ಮಾತ್ರ ಕೇಳಬೇಡಿ.

"ಕಾರ್ಡಿದೆಯಲ್ಲ ಸ್ವಾಮಿ!" ಎಂದು ಪರ್ಸಿನಿಂದ ಓಟರ್ ಕಾರ್ಡ್ ತೆಗೆದು ತೋರಿಸುತ್ತಾರೆ. ಲ್ಯಾಮಿನೇಷನ್ ಒಂದು ಮೂಲೆಯಲ್ಲಿ ಬಾಯಿಬಿಟ್ಟಿದೆ. ಫೋಟೋದಲ್ಲಿರುವ ಮನುಷ್ಯನಿಗೆ ತಲೆತುಂಬ ಕೂದಲು. ವಿಳಾಸ ಅಗ್ರಹಾರದ ಹಳೇ ವಠಾರದ್ದು. ರಾಯರು ವಿಜಯನಗರದಲ್ಲಿ ಮನೆ ಕಟ್ಟಿಸಿ, ಗೃಹಪ್ರವೇಶದ ಹೋಳಿಗೆ ಬಡಿಸಿ ಹನ್ನೊಂದು ವರ್ಷವಾಯಿತು. ಗ್ಯಾಸು, ಬ್ಯಾಂಕು, ಪೆನ್ಷನ್ನು ಎಲ್ಲವೂ ಅವರ ಜೊತೆ ಬಂದವು. ಓಟೊಂದು ಮಾತ್ರ ವಠಾರದಲ್ಲೇ ಉಳಿಯಿತು.

"ಕಾರ್ಡು ಗುರುತಿಗಷ್ಟೇ ರಾಯರೇ. ಪಟ್ಟಿಯಲ್ಲಿ ಹೆಸರಿದ್ದರೆ ಆಧಾರ್ ತೋರಿಸಿದರೂ ನಡೆಯುತ್ತೆ. ಹೆಸರಿಲ್ಲದಿದ್ದರೆ ಕಾರ್ಡಿನಲ್ಲಿ ಗಾಳಿ ಬೀಸಿಕೊಳ್ಳಬೇಕು" ಎಂದು ನಾನೂ ಒಮ್ಮೆ ಹೇಳಿದ್ದೆ. ಮನೆ ಬದಲಾಯಿಸಿದವರು ಫಾರಂ 8 ತುಂಬಬೇಕು, ಕಾಸು ಖರ್ಚಿಲ್ಲ, ಗೊತ್ತಾಗದಿದ್ದರೆ 1950ಕ್ಕೆ ಫೋನ್ ಮಾಡಿ ಎಂದೂ ಸೇರಿಸಿದ್ದೆ. ಪ್ರೈಮರಿ ಹುಡುಗ ಮಗ್ಗಿ ಒಪ್ಪಿಸುವುದನ್ನು ಹೆಡ್‌ಮಾಸ್ಟರು ಕೇಳುವಂತೆ ಕೇಳಿಸಿಕೊಂಡರು. ಮೊಮ್ಮಗಳು ಹದಿನೇಳು ತುಂಬಿದ ಕೂಡಲೇ ಮೊಬೈಲಿನಲ್ಲಿ ಹೊಸದಾಗಿ ಹೆಸರು ಸೇರಿಸುವ ಫಾರಂ 6 ತುಂಬಿ, "ತಾತ, ನಿಮ್ಮದೂ ಈಗಲೇ ಹಾಕಿಬಿಡ್ಲಾ?" ಎಂದಾಗಲೂ ಅದೇ ಉತ್ತರ: ಕಾರ್ಡಿದೆ.

2024ರ ಏಪ್ರಿಲ್ 26, ಶುಕ್ರವಾರ, ಮತದಾನದ ದಿನ. ಗಂಜಿ ಹಾಕಿದ ಪಂಚೆಯುಟ್ಟು ರಾಯರು ಏಳಕ್ಕೇ ಬೂತಿನ ಮುಂದೆ ಹಾಜರು. ಪಟ್ಟಿಯ ಮೇಲೆ ಬೆರಳು ಮೇಲಿಂದ ಕೆಳಗೆ ಎರಡು ಸಲ ಓಡಿತು. "ಇಲ್ಲ ಸರ್."

"ಷಡ್ಯಂತ್ರ! ಮನೆಗೆ ಒಬ್ಬರಾದರೂ ಬಂದು ವಿಚಾರಿಸಿದರಾ?"

ಹೊರಗೆ ಮೇಜು ಹಾಕಿಕೊಂಡು ಕೂತಿದ್ದ, ಮತದಾರರ ಪಟ್ಟಿ ನೋಡಿಕೊಳ್ಳುವ ಬಿಎಲ್‌ಒ, ಅಂಗನವಾಡಿ ಟೀಚರು, ತಲೆಯೆತ್ತಿ ನೋಡಿದರು. "ಮೂರು ಸಲ ಬಂದಿದ್ದೆ ಸರ್. 'ಏನೂ ಬೇಡಮ್ಮಾ, ಹಪ್ಪಳ ಹೋದ ವಾರ ತಾನೆ ತಗೊಂಡ್ವಿ' ಅಂತ ಗ್ರಿಲ್ ಒಳಗಿಂದಲೇ ಕಳಿಸಿಬಿಟ್ರಿ."

ಕ್ಯೂನಲ್ಲಿ ಯಾರೋ ಕೆಮ್ಮಿದರು. ಈಗಲೇ ಸೇರಿಸಿಕೊಳ್ಳಿ ಎಂದರೆ ಆಗುತ್ತದೆಯೇ? ನಾಮಪತ್ರ ಸಲ್ಲಿಸುವ ಕೊನೆಯ ದಿನ ದಾಟಿದರೆ ಆ ಚುನಾವಣೆಯ ಪಟ್ಟಿಗೆ ಹೆಸರು ಸೇರುವುದಿಲ್ಲ. ರಾಯರು ಆಟೋ ಹಿಡಿದು ಅಗ್ರಹಾರಕ್ಕೆ ಓಡಿದರು. ವಠಾರ ಇದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್ ನಿಂತಿತ್ತು. ಹೆಸರನ್ನು ಸ್ಥಳಾಂತರವೆಂದು ಎಂದೋ ತೆಗೆದಿದ್ದರು.

1962ರ ಚುನಾವಣೆಯಿಂದ ಇಡೀ ದೇಶದ ಬೆರಳಿಗೆ ಶಾಯಿ ಕಳಿಸುತ್ತಿರುವುದು ನಮ್ಮೂರಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ. ಕಾಶ್ಮೀರದ ಕುರುಬನ ಬೆರಳಿಗೂ ಮೈಸೂರಿನ ಮಸಿ ಬೀಳುತ್ತದೆ. ಮರುದಿನ ಕೆರೆ ಏರಿಯ ಮೇಲೆ ರಾಯರ ಬಲಗೈ ಎಂದಿನಂತೆ ಗಾಳಿಯಲ್ಲಿ ಕ್ಷೇತ್ರ ಹಂಚುತ್ತಿತ್ತು. ಎಡಗೈ ಮಾತ್ರ ಪೂರ್ತಿ ವಾಕಿಂಗು ಸ್ವೆಟರಿನ ಜೇಬಿನಿಂದ ಹೊರಗೆ ಬರಲಿಲ್ಲ, ಏಪ್ರಿಲ್ ಸೆಖೆಯಲ್ಲಿ ಸ್ವೆಟರು!

ಫಾರಂ 8 ಇನ್ನೂ ತುಂಬಿಲ್ಲ.