ನೌಕರಿ ಜಿಜ್ಞಾಸೆ: ಗಂಧದ ಮರದ ದೃಷ್ಟಾಂತ ಸಹಿತ

ಕಾಡು, ಮಣ್ಣು, ಅದಿರು ಇವನ್ನು ಓದಿಕೊಂಡವನು ಸರ್ಕಾರದ ಉಪ್ಪು ತಿನ್ನಬೇಕೋ ಸಾಹುಕಾರನ ಉಪ್ಪು ತಿನ್ನಬೇಕೋ ಎಂಬ ಪ್ರಶ್ನೆಗೆ ನಮ್ಮ ಶಾಸ್ತ್ರಗಳಲ್ಲಿ ಉತ್ತರವಿಲ್ಲ. ಶಾಸ್ತ್ರಕಾರರ ಕಾಲಕ್ಕೆ ಬಿ.ಎಸ್ಸಿ. ಫಾರೆಸ್ಟ್ರಿ ಇರಲಿಲ್ಲವಷ್ಟೆ. ಶಿರಸಿಯ ಅರಣ್ಯ ಕಾಲೇಜಿನಲ್ಲಿ ಓದಿ ಊರಿಗೆ ಬಂದ ಹುಡುಗನೊಬ್ಬ, "ಮೇಷ್ಟ್ರೇ, ಯಾವುದಕ್ಕೆ ಅರ್ಜಿ ಹಾಕಲಿ?" ಎಂದು ಕೇಳಿದ್ದರಿಂದ ಈ ಪ್ರಬಂಧ ಅವತರಿಸಿತು. ಅವನು ಕೇಳಿದ್ದು ಒಂದೇ ಸಾಲು. ಅದು ವಿದ್ವತ್ತಿನ ದೋಷವಲ್ಲ.

ಮೊದಲು ಪೂರ್ವಪಕ್ಷ. ಸರ್ಕಾರಿ ಕೆಲಸ ಶಾಶ್ವತ, ಇದು ಹುಡುಗನ ಅಜ್ಜಿಯ ಮತ. ಈ ಮತವನ್ನು ಕೋಲಾರದ ನೆಲದಡಿ ಪರೀಕ್ಷಿಸಲಾಗಿದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದ ಚಿನ್ನದ ಗಣಿ 1956ರಲ್ಲಿ ಸರ್ಕಾರದ್ದಾಯಿತು. ಚಿನ್ನಕ್ಕೆ ಈ ಬದಲಾವಣೆ ಗೊತ್ತಾಗಲಿಲ್ಲ; ಅದು ಮೊದಲಿನಂತೆಯೇ ಆಳಕ್ಕೆ ಇಳಿಯುತ್ತ, ಮೂರು ಕಿಲೋಮೀಟರಿಗೂ ಕೆಳಗೆ ಹೋಯಿತು. 2001ರ ಫೆಬ್ರುವರಿ 28ರಂದು ಶಾಶ್ವತವೂ ಮುಗಿಯಿತು. ಕುದುರೆಮುಖದಲ್ಲಿ ಇನ್ನೂ ವಿಚಿತ್ರ: ಅಲ್ಲಿ ಅದಿರು ಉಳಿದಿತ್ತು, ಕಂಪನಿಯೂ ಸರ್ಕಾರದ್ದೇ, ಆದರೂ ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅಜ್ಜಿಗೆ ಇದನ್ನು ವಿವರಿಸಿದೆ. "ಪಿಂಚಣಿ ಬಂತೋ ಇಲ್ಲವೋ ಅದನ್ನು ಹೇಳು" ಎಂದರು. ಈ ಆಕ್ಷೇಪವನ್ನು ಪ್ರಬಂಧದ ವ್ಯಾಪ್ತಿಯಿಂದ ಹೊರಗಿಡಲಾಗಿದೆ.

ಖಾಸಗಿಯಲ್ಲಿ ಸಂಬಳ ಜಾಸ್ತಿ ಎಂಬುದು ಸೋದರಮಾವನ ಮತ. 2011ರಲ್ಲಿ ಬಳ್ಳಾರಿಯ ಗಣಿಗಳು ಬಾಗಿಲು ಹಾಕಿದಾಗ ಸಾಲುಗಟ್ಟಿ ನಿಂತ ಲಾರಿಗಳೇ ಇದಕ್ಕೆ ಭಾಷ್ಯ.

ಅರ್ಹತೆಯ ವಿಚಾರದಲ್ಲಿ ಎರಡು ವಲಯಗಳೂ ಕಾಲಿನ ಮೇಲೇ ನಿಂತಿವೆ. ಭಾರತೀಯ ಅರಣ್ಯ ಸೇವೆಗೆ ಸೇರುವ ಗಂಡಸು 25 ಕಿಲೋಮೀಟರನ್ನು 4 ಗಂಟೆಯೊಳಗೆ ನಡೆದು ತೋರಿಸಬೇಕು. ಕಾಗದದ ಕಾರ್ಖಾನೆಯವರು ಇಂಥ ಪರೀಕ್ಷೆ ಇಡುವುದಿಲ್ಲ. ಕೆಲಸ ಸಿಕ್ಕ ಮೇಲೆ ಸಸಿ ನೆಡಿರೆಂದು ರೈತರ ಮನೆಯಿಂದ ಮನೆಗೆ ನಡೆಸುತ್ತಾರೆ, ದಿನಾ.

ಮನುಷ್ಯರ ಸಾಕ್ಷಿ ಹೀಗೆ ಒಂದಕ್ಕೊಂದು ತಾಳೆಯಾಗದ ಕಾರಣ, ಎರಡೂ ಕಡೆ ಸೇವೆ ಸಲ್ಲಿಸಿದ ಅಭ್ಯರ್ಥಿಯನ್ನೇ ವಿಚಾರಿಸುವುದು ಲೇಸು. ಅಂಥ ಅಭ್ಯರ್ಥಿ ಶ್ರೀಗಂಧದ ಮರ. 1792ರಲ್ಲಿ ಟಿಪ್ಪು ಸುಲ್ತಾನ ಅದನ್ನು ರಾಜವೃಕ್ಷವೆಂದು ಸಾರಿದ. ಅಲ್ಲಿಗೆ ಅದರ ನೇಮಕಾತಿ ಆಯಿತು. ದೊರೆಗಳು ಬದಲಾದರು, ಬ್ರಿಟಿಷರು ಬಂದು ಹೋದರು, ಮರ ಮಾತ್ರ ಸರ್ಕಾರಿ ನೌಕರನಾಗಿಯೇ ಉಳಿಯಿತು. ನಿಮ್ಮ ಹಿತ್ತಲಲ್ಲಿ ತಾನಾಗಿ ಹುಟ್ಟಿದರೂ ಅದು ನಿಮ್ಮದಲ್ಲ, ಡೆಪ್ಯುಟೇಷನ್ ಮೇಲೆ ಬಂದದ್ದು. ಕಳುವಾದರೆ ಉತ್ತರ ಕೊಡಬೇಕಾದವರು ಮಾತ್ರ ನೀವು. ಆದ್ದರಿಂದ ಜಾಣ ರೈತ ಗಂಧದ ಸಸಿ ಕಂಡರೆ ಕಳೆ ಎಂದು ಕಿತ್ತು, ಕೈ ತೊಳೆದುಕೊಂಡು ಒಳಗೆ ಹೋಗುತ್ತಿದ್ದ. 2001ರಲ್ಲಿ ಕಾನೂನು ತಿದ್ದಿ ಮರವನ್ನು ಜಮೀನಿನ ಒಡೆಯನದೆಂದರು. ಇನ್ನೂರೊಂಬತ್ತು ವರ್ಷದ ಸರ್ವೀಸಿನ ನಂತರ ಖಾಸಗಿ ವಲಯ! ಆದರೂ ಕಡಿಯಲು, ಸಾಗಿಸಲು ಇಲಾಖೆಯ ಅಪ್ಪಣೆ ಬೇಕೇ ಬೇಕು. ಹಳೆಯ ಮೇಲಧಿಕಾರಿಯ ಕಚೇರಿಯ ಮುಂದೆ ಕೈಕಟ್ಟಿ ನಿಲ್ಲುವುದು ತಪ್ಪಲಿಲ್ಲ. (ಸ್ವಯಂ ಉದ್ಯೋಗವೆಂಬ ಮೂರನೆಯ ವಲಯವನ್ನು ವೀರಪ್ಪನ್ ಇದೇ ಮರದಲ್ಲಿ ತೆರೆದಿದ್ದ. 2004ರಲ್ಲಿ ಅದು ಮುಚ್ಚಿತು. ಅಲ್ಲಿ ಪಿಂಚಣಿ ಇರಲಿಲ್ಲ, ಅಜ್ಜಿ ಗಮನಿಸಬೇಕು.)

ಮರದ ಸ್ವಭಾವವೂ ವಿಚಾರಾರ್ಹ. ಗಂಧ ಪೂರ್ತಿ ಸ್ವಂತ ದುಡಿಮೆಯ ಮರವಲ್ಲ. ಪಕ್ಕದ ಗಿಡದ ಬೇರಿಗೆ ತನ್ನ ಬೇರು ಚುಚ್ಚಿ ಹೀರಿಕೊಳ್ಳುತ್ತದೆ. ಅದಕ್ಕೇ ಸಸಿಯ ಪಕ್ಕ ತೊಗರಿ ಹಾಕುತ್ತಾರೆ. ಈ ಗುಣ ಯಾವ ವಲಯದ ಲಕ್ಷಣ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ತೊಗರಿಯನ್ನು ಯಾರೂ ಕೇಳಿಲ್ಲ. ಚೇಗು ಕಟ್ಟುವುದಕ್ಕೆ ಹತ್ತಾರು ವರ್ಷ ಬೇಕು, ಅಲ್ಲಿಯವರೆಗೆ ಪ್ರೊಬೇಷನ್. ಕೊನೆಗೆ ಬುಡಕ್ಕೆ ಕೊಡಲಿ ಹಾಕುವುದಿಲ್ಲ, ಬೇರಿನಲ್ಲೂ ಎಣ್ಣೆಯಿರುವುದರಿಂದ ಬುಡಸಮೇತ ಎತ್ತುತ್ತಾರೆ. ಪತ್ರಿಕೆಗಳು ಅಧಿಕಾರಿಗಳ ವರ್ಗಾವಣೆಗೆ ಬಳಸುವ 'ಎತ್ತಂಗಡಿ' ಎಂಬ ಪದದ ವ್ಯುತ್ಪತ್ತಿ ಇಲ್ಲೇ ಇದೆ ಎಂಬುದು ಈ ಪ್ರಬಂಧಕಾರನ ಸ್ವತಂತ್ರ ಸಂಶೋಧನೆ, ನಿಘಂಟುಕಾರರು ಒಪ್ಪಲಾರರು.

ಇಷ್ಟನ್ನು ಬರೆದು, ಓದಿ ಹೇಳಲು ಹುಡುಗನನ್ನು ಹುಡುಕಿಕೊಂಡು ಹೋದೆ. ರಾತ್ರಿ ಒಂಬತ್ತು ಗಂಟೆ. ಅಪ್ಪನ ಎರಡು ಎಕರೆ ಗಂಧದ ತೋಟದಲ್ಲಿ ಅಟ್ಟಣೆಯ ಮೇಲೆ ಕೂತು ಅವನು ಕಾವಲು ಕಾಯುತ್ತಿದ್ದ. ಮಡಿಲಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ, ಕೆಳಗೆ ಕಟ್ಟಿದ ನಾಯಿ. ಉತ್ತರಪಕ್ಷದವರೆಗೆ ತಾಳ್ಮೆಯಿಂದ ಕೇಳಿದ. ಆಮೇಲೆ, "ಮೇಷ್ಟ್ರೇ, ಗಾರ್ಡ್ ಆದರೂ ರಾತ್ರಿ ಗಂಧ ಕಾಯಬೇಕು, ಇಲ್ಲೂ ಅದೇ ಕಾಯುತ್ತಿದ್ದೇನೆ. ಸಂಬಳ ಇಲ್ಲ, ರಜೆಯೂ ಇಲ್ಲ. ಇದು ಯಾವ ವಲಯ?" ಎಂದ.

ನಾನು ಕನ್ನಡಕ ಒರೆಸಿಕೊಂಡು ಲಕ್ಷಣ ನಿರೂಪಣೆಗೆ ತೊಡಗುವಷ್ಟರಲ್ಲಿ ನಾಯಿ ಬೊಗಳಿತು. ಹುಡುಗ ಪುಸ್ತಕವನ್ನು ನನ್ನ ಕೈಗೆ ತುರುಕಿ, ಟಾರ್ಚು ಹಿಡಿದು ಬೇಲಿಯ ಕಡೆ ಓಡಿದ.